ಎಂಜಿನ್ನಿನೊಳಗೆ ಬಾಂಬ್ ಸಿಡಿಸಿದವರು

1962ರ ಜೂನ್ 28ರಂದು ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯಲ್ಲಿರುವ ಎಡ್ವರ್ಡ್ಸ್ ವಾಯುನೆಲೆಯ ಪರೀಕ್ಷಾ ಕಟ್ಟೆಯ ಮೇಲೆ ಒಂದು ರಾಕೆಟ್ ಎಂಜಿನ್ ಉರಿಯತೊಡಗಿ, ಉರಿಯುತ್ತಲೇ ತನ್ನನ್ನು ತಾನು ನಾಶಮಾಡಿಕೊಂಡಿತು. ಅದರ ಹೆಸರು ಎಫ್-1. ಮನುಷ್ಯನನ್ನು ಚಂದ್ರನತ್ತ ಒಯ್ಯಬೇಕಿದ್ದ ಸ್ಯಾಟರ್ನ್-5 ರಾಕೆಟ್ಟಿನ ಮೊದಲ ಹಂತಕ್ಕೆ ಇಂಥ ಐದು ಎಂಜಿನ್‌ಗಳು ಬೇಕಿದ್ದವು. ಈ ದಶಕ ಮುಗಿಯುವುದರೊಳಗೆ ಚಂದ್ರನ ಮೇಲೆ ಮನುಷ್ಯನನ್ನು ಇಳಿಸಬೇಕೆಂದು ಅಧ್ಯಕ್ಷ ಕೆನಡಿ ಅಮೆರಿಕದ ಸಂಸತ್ತಿನಲ್ಲಿ ಸಾರಿ ಆಗಲೇ 13 ತಿಂಗಳು ಕಳೆದಿದ್ದವು.

ಎಂಜಿನ್ನನ್ನು ಕೊಂದದ್ದು ಅದರೊಳಗಿನ ಬೆಂಕಿಯ ಸದ್ದು. ಉರಿಯುವ ಅನಿಲದಲ್ಲಿ ಹುಟ್ಟಿದ ಶಬ್ದದ ಅಲೆ ಗೋಡೆಗೆ ಬಡಿದು ಮರಳುತ್ತದೆ. ಮರಳಿದ ಅಲೆ ಉರಿಯನ್ನು ಕೆದಕುತ್ತದೆ. ಕೆದಕಿದ ಉರಿ ಅಲೆಗೆ ಮತ್ತಷ್ಟು ಬಲ ತುಂಬುತ್ತದೆ. ಸೆಕೆಂಡಿಗೆ ನೂರಾರು ಸಲ ಹೀಗೆ ನಡೆದರೆ ಗೋಡೆಯನ್ನು ಕಾಯುತ್ತಿರುವ ತಂಪು ಪದರ ಹರಿದುಹೋಗಿ, ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಲೋಹ ಕರಗುತ್ತದೆ. ಇದನ್ನೇ ಎಂಜಿನಿಯರುಗಳು ದಹನ ಅಸ್ಥಿರತೆ ಎನ್ನುತ್ತಾರೆ. ಚಂದ್ರಯಾನದ ಕತೆ ಹೇಳುವವರು ಆರ್ಮ್‌ಸ್ಟ್ರಾಂಗ್ ಹೆಜ್ಜೆಯ ಬಗ್ಗೆ ಬರೆಯುತ್ತಾರೆ, ರಾಕೆಟ್ ತಜ್ಞ ವಾನ್ ಬ್ರಾನ್ ಬಗ್ಗೆ ಬರೆಯುತ್ತಾರೆ. ಈ ಸದ್ದನ್ನು ಅಡಗಿಸಿದವರ ಹೆಸರು ಹೇಳುವವರು ಕಡಿಮೆ. ನನ್ನ ಮಟ್ಟಿಗೆ ಅಪೊಲೊ ಯೋಜನೆಯ ಅತ್ಯಂತ ಕಠಿಣ ಅಧ್ಯಾಯಗಳಲ್ಲಿ ಒಂದು ನಡೆದದ್ದು ಆ ಮರುಭೂಮಿಯ ಕಟ್ಟೆಗಳ ಮೇಲೆ.

ಬೆಂಕಿಗೂ ಶಬ್ದಕ್ಕೂ ನಂಟಿದೆ ಎಂಬುದು ರಾಕೆಟ್ಟುಗಳಿಗಿಂತ ಬಹಳ ಹಿಂದೆಯೇ ತಿಳಿದಿತ್ತು. 1777ರಲ್ಲಿ ಬ್ರಯಾನ್ ಹಿಗಿನ್ಸ್ ಎಂಬ ರಸಾಯನಶಾಸ್ತ್ರಜ್ಞ ಹೈಡ್ರೋಜನ್ ಜ್ವಾಲೆಯ ಮೇಲೆ ಗಾಜಿನ ಕೊಳವೆ ಹಿಡಿದಾಗ ಕೊಳವೆ ಹಾಡತೊಡಗಿತು. 1858ರಲ್ಲಿ ಅಮೆರಿಕದ ಜಾನ್ ಲಕಾಂಟ್ ಒಂದು ಸಂಗೀತಗೋಷ್ಠಿಯಲ್ಲಿ ಕುಳಿತಿದ್ದಾಗ, ಗೋಡೆಯ ಗ್ಯಾಸ್ ದೀಪದ ಜ್ವಾಲೆ ಚೆಲೋ ವಾದ್ಯದ ಸ್ವರಗಳಿಗೆ ತಕ್ಕಂತೆ ಕುಣಿಯುವುದನ್ನು ಗಮನಿಸಿದರು. ಮರುವರ್ಷ ಹಾಲೆಂಡಿನ ಲೈಡನ್ ನಗರದಲ್ಲಿ ಪೀಟರ್ ರೈಕ ನೆಟ್ಟಗೆ ನಿಲ್ಲಿಸಿದ ಕೊಳವೆಯ ಕೆಳಗಿನ ಭಾಗದಲ್ಲಿ ತಂತಿಯ ಜಾಲರಿಯೊಂದನ್ನು ಕೂರಿಸಿ, ಕೆಂಪಗೆ ಕಾಯಿಸಿ, ಬೆಂಕಿ ತೆಗೆದರು. ಜಾಲರಿ ಆರುವವರೆಗೂ ಕೊಳವೆ ಗಟ್ಟಿಯಾಗಿ ಮೊಳಗಿತು. ಜಾಲರಿಯನ್ನು ಕೊಳವೆಯ ಮೇಲಿನ ಅರ್ಧಕ್ಕೆ ಸರಿಸಿದರೆ ಸದ್ದಿಲ್ಲ. ಅದೇ ಶಾಖ, ಅದೇ ಗಾಳಿ, ಜಾಗ ಮಾತ್ರ ಬೇರೆ.

ಇದೇಕೆ ಹೀಗೆ ಎಂದು ಸರಿಯಾಗಿ ಹೇಳಿದವರು ಇಂಗ್ಲೆಂಡಿನ ಲಾರ್ಡ್ ರ್‍ಯಾಲಿ. 1878ರಲ್ಲಿ ಅವರು ಕೊಟ್ಟ ಸೂತ್ರ ಇಂದಿಗೂ ಈ ವಿದ್ಯೆಯ ಅಡಿಗಲ್ಲು. ಗಾಳಿ ಒತ್ತಿಕೊಂಡಿರುವ ಗಳಿಗೆಯಲ್ಲಿ ಶಾಖ ಸೇರಿದರೆ ಅಲೆ ಬೆಳೆಯುತ್ತದೆ, ಹಿಗ್ಗಿರುವ ಗಳಿಗೆಯಲ್ಲಿ ಸೇರಿದರೆ ಅಲೆ ಸಾಯುತ್ತದೆ. ಪಂಚಮಿಯ ದಿನ ಜೋಕಾಲಿ ತೂಗುವ ಹುಡುಗಿಯರು ಈ ಲೆಕ್ಕವನ್ನು ಯಾರೂ ಕಲಿಸದೆ ಬಲ್ಲರು: ಹಿಂದೆ ಬಂದ ಜೋಕಾಲಿ ಮುಂದೆ ಹೊರಡುವ ಹೊತ್ತಿಗೆ ಸರಿಯಾಗಿ ನೂಕಿದರೆ ಸಣ್ಣ ನೂಕಿಗೂ ಅದು ಕೊಂಬೆ ಮುಟ್ಟುತ್ತದೆ, ಹೊತ್ತು ತಪ್ಪಿ ನೂಕಿದರೆ ಕೈಗೆ ಪೆಟ್ಟಾಗಿ ಜೋಕಾಲಿ ನಿಲ್ಲುತ್ತದೆ. ರ್‍ಯಾಲಿಯ ನಿಯಮ ಹೇಳಲು ಸುಲಭ. ಎಂಜಿನ್ನಿನಲ್ಲಿ ಆ ಹೊತ್ತನ್ನು ಮೊದಲೇ ಲೆಕ್ಕಹಾಕಿ ಹೇಳುವುದು ಬಹಳ ಕಷ್ಟ. ಇಂಧನದ ಹನಿ ಸಿಡಿದು, ಆವಿಯಾಗಿ, ಆಮ್ಲಜನಕದೊಡನೆ ಬೆರೆತು, ಹೊತ್ತಿಕೊಳ್ಳಲು ಸೆಕೆಂಡಿನ ಸಾವಿರದ ಕೆಲವು ಭಾಗ ಸಾಕು. ಆ ಕಿರುಗಾಲ ಹನಿಯ ಗಾತ್ರ, ವೇಗ, ಸುತ್ತಲಿನ ಒತ್ತಡ ಎಲ್ಲವನ್ನೂ ಅವಲಂಬಿಸಿದೆ. ಅಲೆಗೂ ಉರಿಗೂ ತಾಳ ಕೂಡುತ್ತದೆಯೋ ತಪ್ಪುತ್ತದೆಯೋ ಎಂಬುದನ್ನು ನಿರ್ಧರಿಸುವುದು ಆ ಕಿರುಗಾಲವೇ.

ಇದರ ಮೇಲೆ ಪ್ರಕ್ಷುಬ್ಧತೆ ಎಂಬ ಇನ್ನೊಂದು ಒಗಟು. ದೇವರ ಮುಂದಿನ ದೀಪದಲ್ಲಿ ಅನಿಲ ಪದರ ಪದರವಾಗಿ, ಶಾಂತವಾಗಿ ಏರುತ್ತದೆ. ಹರಿವಿನ ವೇಗ ಹೆಚ್ಚಿದರೆ ಅದು ಸುಳಿಸುಳಿಯಾಗಿ ಒಡೆಯುತ್ತದೆ. ದೊಡ್ಡ ಸುಳಿಯೊಳಗೆ ಚಿಕ್ಕದು, ಚಿಕ್ಕದರೊಳಗೆ ಇನ್ನೂ ಚಿಕ್ಕದು. 1940ರಲ್ಲಿ ಜರ್ಮನಿಯ ಗೆರ್‌ಹಾರ್ಡ್ ಡಾಮ್‌ಕೋಲರ್ ಇಂಥ ಹರಿವಿನಲ್ಲಿ ಜ್ವಾಲೆ ಯಾಕೆ ಬೇಗ ಹಬ್ಬುತ್ತದೆ ಎಂದು ವಿವರಿಸಿದರು. ದೊಡ್ಡ ಸುಳಿಗಳು ಜ್ವಾಲೆಯ ಹಾಳೆಯನ್ನು ಸುಕ್ಕುಗಟ್ಟಿಸುತ್ತವೆ, ಸುಕ್ಕಾದಷ್ಟೂ ಉರಿಯುವ ಮೈ ಹಿಗ್ಗುತ್ತದೆ. ರಾಕೆಟ್, ಜೆಟ್, ವಿದ್ಯುತ್ ಸ್ಥಾವರದ ಟರ್ಬೈನ್ ಯಾವುದನ್ನು ತೆಗೆದುಕೊಂಡರೂ ಒಳಗೆ ಉರಿಯುವುದು ಈ ಪ್ರಕ್ಷುಬ್ಧ ಜ್ವಾಲೆಯೇ. ಇಲ್ಲದಿದ್ದರೆ ಅಷ್ಟು ಚಿಕ್ಕ ಜಾಗದಲ್ಲಿ ಅಷ್ಟು ಇಂಧನ ಉರಿಯಲು ಸಾಧ್ಯವೇ ಇಲ್ಲ. ಹಾಗಾಗಿ ಎಂಜಿನಿಯರು ಅದನ್ನು ದೂರವಿಡುವ ಹಾಗಿಲ್ಲ, ಅದರ ಜೊತೆಗೇ ಬಾಳಬೇಕು.

ರಾಕೆಟ್ ಕಟ್ಟಿದ ಮೊದಲಿಗರು ಈ ಸಂಕಷ್ಟವನ್ನು ನೇರವಾಗಿ ಎದುರಿಸದೆ ಬಳಸಿ ಹೋದರು. ಜರ್ಮನಿಯ ವಿ-2 ಎಂಜಿನ್ನಿಗೆ 25 ಟನ್ ನೂಕುಬಲ ಬೇಕಿತ್ತು. ಇಂಧನ ಮತ್ತು ಆಮ್ಲಜನಕವನ್ನು ದಹನಕೋಣೆಯೊಳಗೆ ಚಿಮ್ಮಿಸುವ ಇಂಜೆಕ್ಟರನ್ನು ಅಷ್ಟು ದೊಡ್ಡದಾಗಿ ಮಾಡುವ ಬದಲು ವಾಲ್ಟರ್ ಥೀಲ್ ಚಿಕ್ಕ ಎಂಜಿನ್ನಿನಲ್ಲಿ ಚೆನ್ನಾಗಿ ಕೆಲಸ ಮಾಡಿದ್ದ ಬಟ್ಟಲಿನಾಕಾರದ ಇಂಜೆಕ್ಟರುಗಳನ್ನೇ 18 ಜೋಡಿಸಿ ಒಂದು ಕೋಣೆಯ ತಲೆಗೆ ಕೂರಿಸಿದರು. ಸೋವಿಯತ್ ನಾಡಿನಲ್ಲಿ ವ್ಯಾಲೆಂಟಿನ್ ಗ್ಲುಷ್ಕೊ ದೊಡ್ಡ ಒಂಟಿ ಕೋಣೆಯ ಎಂಜಿನ್ ಮಾಡಲು ಹೊರಟು, ದಹನ ಅಸ್ಥಿರತೆ ಬಗ್ಗದಿದ್ದಾಗ ಒಂದು ಪಂಪಿಗೆ ನಾಲ್ಕು ಚಿಕ್ಕ ಕೋಣೆಗಳನ್ನು ಜೋಡಿಸಿದರು. ಹುಟ್ಟಿದ್ದು ಆರ್‌ಡಿ-107. 1957ರಲ್ಲಿ ಸ್ಪುಟ್ನಿಕ್ ಹಾರಿಸಿದ್ದು ಆ ಕುಟುಂಬದ ಎಂಜಿನ್‌ಗಳು, 1961ರಲ್ಲಿ ಗಗಾರಿನ್ ಅವರನ್ನು ಮೇಲೇರಿಸಿದ್ದೂ ಅವೇ, ಇಂದಿನ ಸೋಯುಜ್ ಹಾರುವುದೂ ಅವುಗಳ ಮಕ್ಕಳು ಮೊಮ್ಮಕ್ಕಳ ಬಲದಿಂದಲೇ. ಚಿಕ್ಕ ಕೋಣೆಯಲ್ಲಿ ಅಲೆಯ ಆವರ್ತನ ಹೆಚ್ಚು, ಉರಿಗೆ ಅಷ್ಟು ಚುರುಕಾಗಿ ತಾಳ ಹಾಕಲು ಆಗುವುದಿಲ್ಲ. ಗ್ಲುಷ್ಕೊ ಮಾಡಿದ್ದು ಬಹಳ ಜಾಣ ಎಂಜಿನಿಯರಿಂಗ್. ಅದನ್ನು ಹೇಡಿತನ ಎನ್ನುವವರ ಮಾತು ನಾನು ಒಪ್ಪುವುದಿಲ್ಲ.

ಅಮೆರಿಕದವರು ಒಂಟಿ ಕೋಣೆಗೇ ಅಂಟಿಕೊಂಡರು. ರಾಕೆಟ್‌ಡೈನ್ ಕಂಪನಿ 1950ರ ದಶಕದಲ್ಲಿ ವಾಯುಸೇನೆಗಾಗಿ ಆರಂಭಿಸಿದ್ದ ಎಫ್-1 ಯೋಜನೆ, ನಾಸಾ ಹುಟ್ಟಿದ ಮೇಲೆ ಅದರ ಕೈ ಸೇರಿತು. ನೂಕುಬಲ 15 ಲಕ್ಷ ಪೌಂಡ್, ಅಂದರೆ ಸುಮಾರು 680 ಟನ್. ಅಟ್ಲಾಸ್ ಕ್ಷಿಪಣಿಯ ಎಂಜಿನ್ನಿನ ಹತ್ತು ಪಟ್ಟು. ಒಂದು ಮೀಟರಿನಷ್ಟು ಅಗಲದ ಇಂಜೆಕ್ಟರ್ ತಟ್ಟೆಯ ಸಾವಿರಾರು ರಂಧ್ರಗಳಿಂದ ಸೆಕೆಂಡಿಗೆ ಎರಡೂವರೆ ಟನ್ನಿಗೂ ಹೆಚ್ಚು ಸೀಮೆಎಣ್ಣೆ ಮತ್ತು ದ್ರವ ಆಮ್ಲಜನಕ ನುಗ್ಗಿ, ಸುಮಾರು 70 ವಾಯುಭಾರದ ಒತ್ತಡದಲ್ಲಿ ಉರಿಯಬೇಕು. ಇವೆರಡನ್ನು ತಳ್ಳುವ ಪಂಪಿನ ಶಕ್ತಿಯೇ 55,000 ಅಶ್ವಶಕ್ತಿ. ಕೋಣೆ ದೊಡ್ಡದಾದಂತೆ ಅಲೆಯ ಆವರ್ತನ ತಗ್ಗುತ್ತದೆ. ಎಫ್-1ರಲ್ಲಿ ಅದು 200ರಿಂದ 500 ಹರ್ಟ್ಸ್ ನಡುವೆ ಬಂದು ನಿಂತಿತು. ಹನಿ ಆವಿಯಾಗಿ ಉರಿಯುವ ಕಿರುಗಾಲಕ್ಕೆ ಹೇಳಿ ಮಾಡಿಸಿದ ಆವರ್ತನ ಅದು. ತಾಳ ಕೂಡಿದಾಗ ಒತ್ತಡದ ಏರಿಳಿತ ಕೋಣೆಯ ಸರಾಸರಿ ಒತ್ತಡದಷ್ಟೇ ಆಗಿಬಿಡುತ್ತಿತ್ತು.

ಸಿದ್ಧಾಂತ ಇರಲಿಲ್ಲ ಎಂದಲ್ಲ. ಇಟಲಿಯಿಂದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯಕ್ಕೆ ಬಂದಿದ್ದ ಲುಯಿಜಿ ಕ್ರೊಕ್ಕೊ 1950ರ ದಶಕದ ಮೊದಲಲ್ಲೇ ಆ ಕಿರುಗಾಲವನ್ನು ಗಣಿತಕ್ಕೆ ತಂದಿದ್ದರು. 1956ರಲ್ಲಿ ಸಿನ್-ಇ ಚೆಂಗ್ ಜೊತೆ ಬರೆದ ಪುಸ್ತಕ ಈ ಕ್ಷೇತ್ರದವರಿಗೆ ಮೂಲಗ್ರಂಥವಾಯಿತು. ಒತ್ತಡ ಬದಲಾದಾಗ ಕಿರುಗಾಲ ಎಷ್ಟು ಬದಲಾಗುತ್ತದೆ ಎಂಬ ಒಂದು ಸಂಖ್ಯೆ ಗೊತ್ತಿದ್ದರೆ, ಎಂಜಿನ್ ಯಾವಾಗ ಅಸ್ಥಿರವಾಗುತ್ತದೆ ಎಂದು ಅವರ ಸೂತ್ರ ಹೇಳುತ್ತಿತ್ತು. ಆದರೆ ಆ ಸಂಖ್ಯೆ ಯಾವ ಪುಸ್ತಕದಿಂದಲೂ ಬರುವಂಥದ್ದಲ್ಲ. ಎಂಜಿನ್ ಉರಿಸಿಯೇ ಅಳೆಯಬೇಕು, ಇಂಜೆಕ್ಟರ್ ಬದಲಾದರೆ ಅದೂ ಬದಲಾಗುತ್ತದೆ.

ಜೂನ್ ಅಪಘಾತದ ನಂತರ ನಾಸಾದ ಮಾರ್ಷಲ್ ಕೇಂದ್ರ ಒಂದು ಸಮಿತಿ ಮಾಡಿತು. ಅಧ್ಯಕ್ಷರು ಜೆರಿ ಥಾಮ್ಸನ್. ರಾಕೆಟ್‌ಡೈನ್ ತನ್ನ ಎಂಜಿನಿಯರುಗಳಾದ ಪಾಲ್ ಕ್ಯಾಸ್ಟೆನ್‌ಹೋಲ್ಜ್ ಮತ್ತು ಡ್ಯಾನ್ ಕ್ಲೂಟ್ ಅವರನ್ನು ಬೇರೆಲ್ಲ ಕೆಲಸದಿಂದ ಬಿಡಿಸಿ ಇದೊಂದಕ್ಕೇ ಹಚ್ಚಿತು. ಪ್ರಿನ್ಸ್‌ಟನ್ನಿನಿಂದ ಕ್ರೊಕ್ಕೊ ಮತ್ತು ಡೇವಿಡ್ ಹಾರ್ಜಿ ಸಲಹೆಗಾರರಾಗಿ ಬಂದರು. ಈ ಕಾರ್ಯಕ್ರಮಕ್ಕೆ ಇಟ್ಟ ಹೆಸರು ಪ್ರಾಜೆಕ್ಟ್ ಫಸ್ಟ್.

ಅವರ ಮೊದಲ ತಲೆನೋವು, ಈ ರೋಗ ಕರೆದಾಗ ಬರುವುದಿಲ್ಲ ಎಂಬುದು. ಒಂದು ಇಂಜೆಕ್ಟರ್ ಹಲವು ಸಲ ಶಾಂತವಾಗಿ ಉರಿದು, ಮುಂದಿನ ಸಲ ಯಾವ ಮುನ್ಸೂಚನೆಯೂ ಇಲ್ಲದೆ ಎಂಜಿನ್ನನ್ನೇ ತಿಂದುಹಾಕಬಹುದು. ಹಾಗಿದ್ದ ಮೇಲೆ ಹತ್ತು ಯಶಸ್ವಿ ಪರೀಕ್ಷೆಗಳಿಂದ ಏನು ಗೊತ್ತಾದಂತಾಯಿತು? ಹನ್ನೊಂದನೆಯದರ ಬಗ್ಗೆ ಏನೂ ಇಲ್ಲ. ಮೂವರು ಮನುಷ್ಯರು ಕುಳಿತ ರಾಕೆಟ್ಟಿನ ಕೆಳಗೆ ಐದು ಎಂಜಿನ್ ಉರಿಯುವಾಗ ಅದೃಷ್ಟವನ್ನು ನೆಚ್ಚುವ ಹಾಗಿರಲಿಲ್ಲ.

ಉತ್ತರವಾಗಿ ಬಂದದ್ದು ಬಾಂಬು. ಉರಿಯುತ್ತಿರುವ ಎಂಜಿನ್ನಿನ ಕೋಣೆಯೊಳಗೆ, ಶಾಖ ತಡೆಯುವ ಕವಚದಲ್ಲಿ ಸಣ್ಣ ಸ್ಫೋಟಕವನ್ನಿಟ್ಟು, ಎಂಜಿನ್ ಪೂರ್ಣ ಬಲಕ್ಕೆ ಬಂದಮೇಲೆ ಅದನ್ನು ಸಿಡಿಸುವುದು. ಸ್ಫೋಟ ಕೋಣೆಯಲ್ಲಿ ದೊಡ್ಡ ಅಲೆ ಎಬ್ಬಿಸುತ್ತದೆ. ಆಮೇಲೆ ಗೋಡೆಯಲ್ಲಿ ಕೂರಿಸಿದ ಒತ್ತಡಮಾಪಕಗಳು ಒಂದೇ ಪ್ರಶ್ನೆಗೆ ಉತ್ತರ ಬರೆಯುತ್ತವೆ: ಅಲೆ ತಾನಾಗಿ ಅಡಗಿತೇ, ಇಲ್ಲ ಬೆಳೆಯಿತೇ? ಬೆಳೆದರೆ ಎಂಜಿನ್ನನ್ನು ತಕ್ಷಣ ನಿಲ್ಲಿಸಬೇಕು. ಅಡಗಿದರೆ ಎಷ್ಟು ಹೊತ್ತಿನಲ್ಲಿ ಅಡಗಿತು ಎಂದು ಅಳೆಯಬಹುದು, ಒಂದು ಇಂಜೆಕ್ಟರನ್ನು ಇನ್ನೊಂದರ ಪಕ್ಕದಲ್ಲಿಟ್ಟು ಹೋಲಿಸಬಹುದು. ಎಂಜಿನ್ನಿನೊಳಗೆ ಬಾಂಬಿಡುವ ಉಪಾಯ ಆಗ ಹೊಚ್ಚಹೊಸದೇನೂ ಅಲ್ಲ. ಇಷ್ಟು ದೊಡ್ಡ ಎಂಜಿನ್ನಿನಲ್ಲಿ, ಇಷ್ಟು ಪಟ್ಟುಹಿಡಿದು ಅದನ್ನು ಮಾಡಿದ್ದು ಹೊಸದು. ಇಡೀ ಕೆಲಸದ ತಿರುವು ಇಲ್ಲಿದೆ ಎಂದು ನಾನು ಭಾವಿಸುತ್ತೇನೆ. ರೋಗ ಬರುವುದನ್ನು ಕಾಯುತ್ತ ಕೂರುವ ಬದಲು ಅದನ್ನು ತಾವೇ ಬರಿಸಿ, ಎಂಜಿನ್ನಿಗೆ ತಡೆದುಕೊಳ್ಳುವ ಶಕ್ತಿ ಎಷ್ಟಿದೆ ಎಂದು ಅಳೆದದ್ದೇ ಕುರುಡು ತಡಕಾಟವನ್ನು ಪ್ರಯೋಗವನ್ನಾಗಿ ಮಾಡಿತು.

ಆಮೇಲೆ ಶುರುವಾದದ್ದು ಒಂದರ ಹಿಂದೆ ಒಂದು ಇಂಜೆಕ್ಟರ್. ತಟ್ಟೆಯ ಮುಖದ ಮೇಲೆ ಲೋಹದ ಅಡ್ಡಗೋಡೆಗಳನ್ನು ಎಬ್ಬಿಸಿ ನೋಡಿದರು. ಉರಿ ಅತಿ ಸೂಕ್ಷ್ಮವಾಗಿರುವುದು ತಟ್ಟೆಯ ಹತ್ತಿರದ ಕೆಲವು ಅಂಗುಲಗಳಲ್ಲಿ. ಅಲ್ಲಿ ಅಲೆ ಕೋಣೆಯ ಈ ಬದಿಯಿಂದ ಆ ಬದಿಗೆ ಓಡದಂತೆ, ಸುತ್ತ ತಿರುಗದಂತೆ ತಡೆದರೆ ಅರ್ಧ ಯುದ್ಧ ಗೆದ್ದಂತೆ. ಎಷ್ಟು ಗೋಡೆ, ಎಷ್ಟು ಎತ್ತರ, ಯಾವ ವಿನ್ಯಾಸ ಎಂಬುದನ್ನು ಯಾವ ಸೂತ್ರವೂ ಹೇಳಲಿಲ್ಲ. ಗೋಡೆ ಗಿಡ್ಡವಾದರೆ ಅಲೆ ದಾಟುತ್ತದೆ, ಎತ್ತರವಾದರೆ ಗೋಡೆಯೇ ಸುಟ್ಟುಹೋಗುತ್ತದೆ. ಕೊನೆಗೆ ಉಳಿದುಕೊಂಡದ್ದು ತಟ್ಟೆಯನ್ನು 13 ಭಾಗಗಳಾಗಿ ವಿಂಗಡಿಸುವ, ಸುಮಾರು ಏಳೂವರೆ ಸೆಂಟಿಮೀಟರ್ ಎತ್ತರದ ಗೋಡೆಗಳು.

ಗೋಡೆಗಳಿಂದಲೇ ಎಲ್ಲ ಸರಿಹೋಗಲಿಲ್ಲ. ಇಂಧನದ ರಂಧ್ರಗಳನ್ನು ದೊಡ್ಡದು ಮಾಡಿದರು, ಎರಡು ಚಿಲುಮೆಗಳು ಒಂದಕ್ಕೊಂದು ಬಡಿಯುವ ಕೋನವನ್ನು ತಿದ್ದಿದರು. ಹೊರಗಿನಿಂದ ನೋಡಿದವರಿಗೆ ಇದು ಸಣ್ಣ ಬದಲಾವಣೆ. ಎಫ್-1 ಸ್ಥಿರವಾಗಲು ಅತಿ ಮುಖ್ಯ ಕಾರಣಗಳಲ್ಲಿ ಈ ರಂಧ್ರದ ಗಾತ್ರವೂ ಒಂದೆಂದು ಆಮೇಲೆ ಅದರ ಮೇಲೆ ಕೆಲಸ ಮಾಡಿದವರೇ ಗುರುತಿಸಿದರು. ಸಣ್ಣ ರಂಧ್ರದಿಂದ ಬರುವ ಸಣ್ಣ ಹನಿ ತಟ್ಟೆಯ ಬುಡದಲ್ಲೇ ಗಬಕ್ಕನೆ ಉರಿಯುತ್ತದೆ. ಇಂಧನ ಪೂರ್ತಿ ಬಳಕೆಯಾಗುತ್ತದೆ, ದಕ್ಷತೆ ಹೆಚ್ಚು. ಆದರೆ ಅಲೆಗೆ ಬೇಕಾದ ಶಾಖವೆಲ್ಲ ಒಂದೇ ಕಡೆ ಸಿಕ್ಕಿಬಿಡುತ್ತದೆ. ದಪ್ಪ ಹನಿ ಕೋಣೆಯ ಉದ್ದಕ್ಕೂ ನಿಧಾನವಾಗಿ ಉರಿಯುತ್ತ ಸಾಗುತ್ತದೆ. ಸ್ವಲ್ಪ ದಕ್ಷತೆ ಕಳೆದುಕೊಂಡು ಅವರು ನೆಮ್ಮದಿ ಕೊಂಡರು.

ಪ್ರಾಜೆಕ್ಟ್ ಫಸ್ಟ್ ನಡೆದ ವರ್ಷಗಳಲ್ಲಿ ಪೂರ್ಣ ಗಾತ್ರದ ಪರೀಕ್ಷೆಗಳೇ ಸುಮಾರು 2,000 ಆದವು. ಒಂದೊಂದು ಪರೀಕ್ಷೆಗೂ ಟನ್‌ಗಟ್ಟಲೆ ಇಂಧನ, ಒಂದೊಂದಕ್ಕೂ ನೂರಾರು ಕೈಗಳು. 1965ರ ಹೊತ್ತಿಗೆ ಹಾರಾಟಕ್ಕೆ ಯೋಗ್ಯವಾದ ಇಂಜೆಕ್ಟರ್ ಸಿದ್ಧವಾಯಿತು. ಬಾಂಬ್ ಸಿಡಿದ ಮೇಲೆ ಎದ್ದ ಅಲೆ ಸೆಕೆಂಡಿನ ಹತ್ತನೆಯ ಒಂದು ಭಾಗವೂ ಬಾಳದೆ ತಾನಾಗಿ ಅಡಗುತ್ತಿತ್ತು.

1967ರ ನವೆಂಬರ್ 9ರಂದು ಮೊದಲ ಸ್ಯಾಟರ್ನ್-5 ಹಾರಿತು. 1973ರವರೆಗೆ ಹಾರಿದ್ದು 13 ರಾಕೆಟ್, ಅವುಗಳಲ್ಲಿ 65 ಎಫ್-1 ಎಂಜಿನ್. ಒಂದೂ ಕೈಕೊಡಲಿಲ್ಲ. ಅಷ್ಟು ನೂಕುಬಲದ ಒಂಟಿ ಕೋಣೆಯ ದ್ರವ ಎಂಜಿನ್ ಮತ್ತೊಂದು ಹಾರಿಲ್ಲ. ಗ್ಲುಷ್ಕೊ ಅವರ ಆರ್‌ಡಿ-170 ಅದಕ್ಕಿಂತ ಬಲಶಾಲಿ, ಆದರೆ ಅದಕ್ಕೆ ಕೋಣೆಗಳು ನಾಲ್ಕು.

ಈ ನಡುವೆ 1968ರ ಏಪ್ರಿಲ್‌ನಲ್ಲಿ ಹಾರಿದ ಅಪೊಲೊ-6ರಲ್ಲಿ ಇಡೀ ರಾಕೆಟ್ಟೇ ಉದ್ದಕ್ಕೆ ನಡುಗಿತ್ತು. ಅದು ಬೇರೆ ರೋಗ. ಅಲ್ಲಿ ತಾಳ ಕೂಡಿದ್ದು ರಾಕೆಟ್ಟಿನ ಒಡಲು ಮತ್ತು ಇಂಧನ, ಆಮ್ಲಜನಕದ ಕೊಳವೆಗಳ ನಡುವೆ. ಆಮ್ಲಜನಕದ ಕೊಳವೆಯ ಕವಾಟಗಳಲ್ಲಿ ಹೀಲಿಯಂ ಅನಿಲ ತುಂಬಿ ಅದನ್ನು ತಣಿಸಿದರು. ಚಂದ್ರನ ನೆಲದಿಂದ ಮೇಲೇಳಬೇಕಿದ್ದ ಚಿಕ್ಕ ಎಂಜಿನ್ನಿಗೂ ಬಾಂಬ್ ಪರೀಕ್ಷೆ ನಡೆಯಿತು, ಅದೂ ಸೋತಿತು. ಬೆಲ್ ಕಂಪನಿಯ ಎಂಜಿನ್ನಿಗೆ ರಾಕೆಟ್‌ಡೈನ್ ಮಾಡಿದ ಇಂಜೆಕ್ಟರ್ ಜೋಡಿಸಿ ಹಾರಿಸಿದರು. ಆ ಎಂಜಿನ್ನಿಗೆ ಬದಲಿ ಇರಲಿಲ್ಲ. ಅದು ಕೆಟ್ಟಿದ್ದರೆ ಆರ್ಮ್‌ಸ್ಟ್ರಾಂಗ್ ಮತ್ತು ಆಲ್ಡ್ರಿನ್ ಅಲ್ಲೇ ಉಳಿಯಬೇಕಿತ್ತು.

ಹಾರ್ಜಿ ಮತ್ತು ರಿಯರ್ಡನ್ ಎಂಬ ಇನ್ನೊಬ್ಬ ತಜ್ಞರು 1972ರಲ್ಲಿ ಈ ಅನುಭವವನ್ನೆಲ್ಲ ಕೂಡಿಸಿ ನಾಸಾಗೆ ಒಂದು ದೊಡ್ಡ ಗ್ರಂಥ ಸಂಪಾದಿಸಿಕೊಟ್ಟರು. ಗ್ರಂಥ ಬಂತೆಂದು ರೋಗ ಹೋಗಲಿಲ್ಲ. ಮುಂದಿನ ಪೆಟ್ಟು ಬಿದ್ದದ್ದು ಯುರೋಪಿಗೆ, ಅದರ ಬಿಸಿ ತಟ್ಟಿದ್ದು ಬೆಂಗಳೂರಿಗೆ.

1980ರ ಮೇ 23ರಂದು ಫ್ರೆಂಚ್ ಗಯಾನಾದ ಕುರೂವಿನಿಂದ ಏರಿಯಾನ್ ರಾಕೆಟ್ಟಿನ ಎರಡನೇ ಪರೀಕ್ಷಾ ಹಾರಾಟ ಹೊರಟಿತು. ಮೊದಲನೆಯದು ಹಿಂದಿನ ಡಿಸೆಂಬರಿನಲ್ಲಿ ಗೆದ್ದಿತ್ತು. ಈ ಸಲ ಮೊದಲ ಹಂತದ ನಾಲ್ಕು ವೈಕಿಂಗ್ ಎಂಜಿನ್‌ಗಳಲ್ಲಿ ಒಂದು ಅಸ್ಥಿರವಾಯಿತು. ಅದೇ ವಿನ್ಯಾಸ, ಅದೇ ಕಾರ್ಖಾನೆ, ಆದರೂ ನಾಲ್ಕರಲ್ಲಿ ಒಂದು. ರಾಕೆಟ್ ಅಟ್ಲಾಂಟಿಕ್ ಸಮುದ್ರಕ್ಕೆ ಬಿತ್ತು. ಅದರೊಂದಿಗೆ ಜರ್ಮನಿಯ ಫೈರ್‌ವೀಲ್ ಉಪಗ್ರಹವೂ ಹವ್ಯಾಸಿ ರೇಡಿಯೊ ಬಳಗದ ಉಪಗ್ರಹವೂ ಮುಳುಗಿದವು.

ಅದರ ಮುಂದಿನ ಹಾರಾಟದಲ್ಲಿ ಹೋಗಬೇಕಿದ್ದದ್ದು ನಮ್ಮ ಆ್ಯಪಲ್. ಭಾರತದ ಮೊದಲ ಭೂಸ್ಥಿರ ಸಂಪರ್ಕ ಉಪಗ್ರಹ. ಬೆಂಗಳೂರಿನ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ಎರಡೇ ವರ್ಷದಲ್ಲಿ ಅದನ್ನು ಕಟ್ಟಿದ್ದರು. ಎತ್ತಿನ ಗಾಡಿಯ ಮೇಲೆ ಕೂತ ಅದರ ಚಿತ್ರವನ್ನು ನೀವೂ ನೋಡಿರಬಹುದು. ಯೋಜನೆಯ ನಿರ್ದೇಶಕರು ಆರ್. ಎಂ. ವಾಸಗಂ, ಇಸ್ರೋ ಉಪಗ್ರಹ ಕೇಂದ್ರದ ಮುಖ್ಯಸ್ಥರು ಉಡುಪಿ ಸೀಮೆಯ ಅದಮಾರಿನ ಯು. ಆರ್. ರಾವ್. ಉಪಗ್ರಹ ಎಷ್ಟು ಚೆನ್ನಾಗಿದ್ದರೇನು, ಅದರ ಹಣೆಬರಹ ಈಗ ಫ್ರಾನ್ಸಿನ ಎಂಜಿನಿಯರುಗಳು ಇಂಜೆಕ್ಟರನ್ನು ಹೇಗೆ ತಿದ್ದುತ್ತಾರೆ ಎಂಬುದರ ಮೇಲೆ ನಿಂತಿತ್ತು. ಅವರೂ ಮಾಡಿದ್ದು ಅದನ್ನೇ: ಇಂಜೆಕ್ಟರ್ ಬದಲಾಯಿಸಿ ನೆಲದ ಮೇಲೆ ಮತ್ತೆ ಮತ್ತೆ ಉರಿಸಿ ನೋಡಿದರು. ಒಂದು ವರ್ಷ ತಡೆದು, 1981ರ ಜೂನ್ 19ರಂದು ಮೂರನೇ ಏರಿಯಾನ್ ಯುರೋಪಿನ ಮೀಟಿಯೋಸ್ಯಾಟ್-2 ಜೊತೆ ಆ್ಯಪಲನ್ನು ಸುರಕ್ಷಿತವಾಗಿ ಒಯ್ದಿತು.

ವೈಕಿಂಗ್ ಜೊತೆ ನಮಗೆ ಇನ್ನೂ ಹತ್ತಿರದ ನಂಟಿದೆ. 1974ರ ಒಪ್ಪಂದದಂತೆ ಇಸ್ರೋದ ಎಂಜಿನಿಯರುಗಳು ಫ್ರಾನ್ಸಿನ ವೆರ್ನೊನ್‌ಗೆ ಹೋಗಿ, ಆ ಎಂಜಿನ್ನಿನ ಕೆಲಸದಲ್ಲಿ ಕೈಜೋಡಿಸಿ, ಪ್ರತಿಯಾಗಿ ತಂತ್ರಜ್ಞಾನ ಪಡೆದು ಬಂದಿದ್ದರು. ತಂಡದ ಮುಂದಾಳು ನಂಬಿ ನಾರಾಯಣನ್. ಭಾರತದಲ್ಲಿ ತಯಾರಾದ ಆ ಎಂಜಿನ್ನಿಗೆ ವಿಕಾಸ್ ಎಂದು ಹೆಸರಾಯಿತು, 1985ರಲ್ಲಿ ವೆರ್ನೊನ್‌ನಲ್ಲೇ ಅದರ ಪರೀಕ್ಷೆ ನಡೆಯಿತು. ಪಿಎಸ್‌ಎಲ್‌ವಿ ರಾಕೆಟ್ಟಿನ ಎರಡನೇ ಹಂತವನ್ನು ನೂಕುವುದು ಅದೇ. 2023ರ ಜುಲೈ 14ರಂದು ಚಂದ್ರಯಾನ-3ನ್ನು ಹೊತ್ತ ರಾಕೆಟ್ಟಿನಲ್ಲೂ ಎರಡು ವಿಕಾಸ್ ಎಂಜಿನ್‌ಗಳಿದ್ದವು.

ಭೂಮಿಯ ಮೇಲಿನ ಟರ್ಬೈನುಗಳಿಗೆ ಈ ಪಿಡುಗು ತಗುಲಿಕೊಂಡದ್ದು ಒಂದು ಒಳ್ಳೆಯ ಕೆಲಸದಿಂದ. ನೈಟ್ರೋಜನ್ ಆಕ್ಸೈಡ್ ಎಂಬ ವಿಷಗಾಳಿ ತಗ್ಗಿಸಲು ವಿದ್ಯುತ್ ಸ್ಥಾವರಗಳ ಅನಿಲ ಟರ್ಬೈನುಗಳಲ್ಲಿ ಗಾಳಿ ಹೆಚ್ಚು, ಇಂಧನ ಕಡಿಮೆ ಇರುವ ಮಿಶ್ರಣ ಉರಿಸತೊಡಗಿದರು. ಜ್ವಾಲೆ ತಂಪಾಯಿತು, ಹೊಗೆ ಶುದ್ಧವಾಯಿತು, ಜೊತೆಗೇ ಟರ್ಬೈನು ಗುನುಗತೊಡಗಿತು. ತೆಳು ಮಿಶ್ರಣದ ಜ್ವಾಲೆ ಸಣ್ಣ ಅಲುಗಾಟಕ್ಕೂ ಬೆಚ್ಚುತ್ತದೆ. ಇಲ್ಲಿ ಬಾಂಬಿನ ಪ್ರಯೋಗ ಸಾಲದು. ಹಗಲಿರುಳು ಓಡುವ ಯಂತ್ರಕ್ಕೆ, ರೋಗ ಬರುವ ಮುಂಚೆ ಎಚ್ಚರಿಸುವವರು ಬೇಕು.

ಈ ಎಚ್ಚರಿಕೆಯ ವಿದ್ಯೆಯಲ್ಲಿ ಜಗತ್ತು ಗಮನಿಸಿದ ಕೆಲಸ ಮದ್ರಾಸಿನ ಐಐಟಿಯಲ್ಲಿ ನಡೆದಿದೆ. ಅಲ್ಲಿಯ ಆರ್. ಐ. ಸುಜಿತ್ ಮತ್ತು ಅವರ ವಿದ್ಯಾರ್ಥಿಗಳು ಪ್ರಕ್ಷುಬ್ಧ ಜ್ವಾಲೆಯ ಕೋಣೆಯಲ್ಲಿ ಗಾಳಿಯ ಹರಿವನ್ನು ಸ್ವಲ್ಪಸ್ವಲ್ಪವೇ ಹೆಚ್ಚಿಸುತ್ತ ಒತ್ತಡದ ದಾಖಲೆ ಇಟ್ಟರು. ಶಾಂತವಾಗಿ ಉರಿಯುವಾಗಿನ ಗದ್ದಲವನ್ನು ಅದುವರೆಗೆ ಎಲ್ಲರೂ ಬರಿಯ ಗದ್ದಲವೆಂದೇ ತಳ್ಳಿಹಾಕುತ್ತಿದ್ದರು. ಅದರಲ್ಲಿ ಒಂದು ಆಂತರಿಕ ರಚನೆ ಇದೆಯೆಂದು ಇವರು ತೋರಿಸಿದರು. ಅಸ್ಥಿರತೆ ಹತ್ತಿರವಾದಂತೆ ಆ ಗದ್ದಲದ ನಡುನಡುವೆ ಲಯಬದ್ಧ ಕಂಪನದ ತುಣುಕುಗಳು ಮೂಡಿ ಮರೆಯಾಗುತ್ತವೆ, ಕ್ರಮೇಣ ಅವು ಹೆಚ್ಚುತ್ತ ಹೋಗಿ, ಕಡೆಗೆ ಲಯವೇ ಉಳಿಯುತ್ತದೆ. 2014ರ ಆಸುಪಾಸಿನಲ್ಲಿ ಪ್ರಕಟವಾದ ಈ ಕೆಲಸ ಮುನ್ನೆಚ್ಚರಿಕೆಗೆ ಅಳತೆಗೋಲು ಒದಗಿಸಿತು. ಅವ್ಯವಸ್ಥೆಯೇ ಇಲ್ಲಿ ಆರೋಗ್ಯ, ಅಚ್ಚುಕಟ್ಟಾದ ಲಯವೇ ಅಪಾಯ.

ಇದನ್ನು ಓದುವಾಗ ನನಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಒಂದು ಹಳೆಯ ಪ್ರಬಂಧ ನೆನಪಾಗುತ್ತದೆ. 1958ರಲ್ಲಿ ಸತೀಶ್ ಧವನ್ ಮತ್ತು ಅವರ ಶಿಷ್ಯ, ಬೆಂಗಳೂರಿನಲ್ಲೇ ಎಂಜಿನಿಯರಿಂಗ್ ಓದಿದ ರೊದ್ದಂ ನರಸಿಂಹ, ಶಾಂತ ಹರಿವು ಪ್ರಕ್ಷುಬ್ಧವಾಗಿ ಬದಲಾಗುವಾಗ ಪ್ರಕ್ಷುಬ್ಧತೆ ತುಣುಕು ತುಣುಕಾಗಿ ಬಂದುಹೋಗುವುದನ್ನು ಅಳೆದು ಬರೆದಿದ್ದರು. ಆ ಕೆಲಸದಲ್ಲಿ ಜ್ವಾಲೆ ಇರಲಿಲ್ಲ, ವಿಷಯವೂ ಬೇರೆ. ಆದರೆ ಬದಲಾವಣೆಯ ಗಳಿಗೆಯನ್ನು ಅಸ್ಪಷ್ಟವೆಂದು ದಾಟಿಹೋಗದೆ, ಅಲ್ಲೇ ಮಾಪಕ ಇಟ್ಟು ಕೂರುವ ಅಭ್ಯಾಸ ಈ ನೆಲದಲ್ಲಿ ಆಗಲೇ ಇತ್ತು. ಇಂದು ದಹನ ಸಂಶೋಧನೆಯ ರಾಷ್ಟ್ರೀಯ ಕೇಂದ್ರ ಮದ್ರಾಸ್ ಐಐಟಿ ಮತ್ತು ವಿಜ್ಞಾನ ಸಂಸ್ಥೆ ಎರಡರಲ್ಲೂ ನಡೆಯುತ್ತಿದೆ. ಸ್ಫಟಿಕದ ಕಿಟಕಿಗಳಿರುವ ಕೋಣೆ, ಲೇಸರ್ ಬೆಳಕಿನ ಹಾಳೆ, ಸೆಕೆಂಡಿಗೆ ಸಾವಿರಾರು ಚಿತ್ರ ತೆಗೆಯುವ ಕ್ಯಾಮೆರಾ ಎಲ್ಲ ಬಂದಿವೆ. ಕಂಪ್ಯೂಟರುಗಳು ಕ್ರೊಕ್ಕೊ ಊಹಿಸಲೂ ಆಗದಷ್ಟು ಲೆಕ್ಕ ಮಾಡುತ್ತವೆ. ಇಷ್ಟಾದರೂ ಹೊಸ ದೊಡ್ಡ ಎಂಜಿನ್ ಒಂದು ಸ್ಥಿರವಾಗಿರುತ್ತದೆಯೇ ಎಂಬುದಕ್ಕೆ ಕೊನೆಯ ತೀರ್ಪು ಕೊಡುವುದು ಪರೀಕ್ಷಾ ಕಟ್ಟೆಯೇ.

ಆ ಕಟ್ಟೆಯ ಮೇಲೆ ಈಗ ನಮ್ಮದೇ ಒಂದು ಎಂಜಿನ್ ಇದೆ. ಇಸ್ರೋ ತಮಿಳುನಾಡಿನ ಮಹೇಂದ್ರಗಿರಿಯಲ್ಲಿ 2,000 ಕಿಲೋನ್ಯೂಟನ್ ನೂಕುಬಲದ ಸೆಮಿಕ್ರಯೋಜೆನಿಕ್ ಎಂಜಿನ್ ಮೇಲೆ ಕೆಲಸ ಮಾಡುತ್ತಿದೆ. ಅದರ ಆಹಾರ, ಎಫ್-1ರದ್ದೇ ಜೋಡಿ: ಶುದ್ಧ ಸೀಮೆಎಣ್ಣೆ ಮತ್ತು ದ್ರವ ಆಮ್ಲಜನಕ. ಕೋಣೆಯ ಒತ್ತಡ ಮಾತ್ರ ಎಫ್-1ರ ಎರಡು ಪಟ್ಟಿಗೂ ಹೆಚ್ಚು. 2025ರ ಮಾರ್ಚ್ 28ರಂದು ನಡೆದ ಪರೀಕ್ಷೆಯಲ್ಲಿ ಅದರ ಪಂಪು, ಪೂರ್ವದಹನ ಕೋಣೆ, ನಿಯಂತ್ರಣಗಳೆಲ್ಲ ಎರಡೂವರೆ ಸೆಕೆಂಡು ಸರಿಯಾಗಿ ಕೆಲಸ ಮಾಡಿದವು. ಮುಖ್ಯ ದಹನಕೋಣೆ ಆ ಪರೀಕ್ಷೆಯಲ್ಲಿ ಇರಲಿಲ್ಲ. ಅದು ಸೇರಿದ ಮೇಲೆ ನಡೆಯುವ ಪರೀಕ್ಷೆಗಳಲ್ಲಿ ಒಂದೆರಡು ಎಂಜಿನ್ ಸುಟ್ಟುಹೋದರೆ, ದಯವಿಟ್ಟು ಅದನ್ನು ಸೋಲಿನ ಸುದ್ದಿಯೆಂದು ಓದಬೇಡಿ. ಇನ್ನೊಂದು ನೂರು ಪರೀಕ್ಷೆಗೆ ಬೇಕಾದ ಹಣವನ್ನೂ ಸಮಯವನ್ನೂ ಆ ಎಂಜಿನಿಯರುಗಳಿಗೆ ಕೊಡಿ ಎಂದು ಕೇಳಿ.